ಮನೆಯಲ್ಲೇ ಕಲರ್ ನೆಗೆಟಿವ್ ತೊಳೆಯಲು: ಯಾವ ಕಿಟ್, ಯಾವ ಟ್ಯಾಂಕ್, ಎಂಥ ಬಿಸಿನೀರಿನ ಏರ್ಪಾಡು?

ಕಲರ್ ಫಿಲಂ ತೊಳೆಯುವ, ಅಂದರೆ ಅದರಲ್ಲಿ ಚಿತ್ರ ಮೂಡಿಸುವ ರಾಸಾಯನಿಕಗಳ ಕಿಟ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ಅದಕ್ಕೂ ಮುಂಚೆ ಇನ್ನೊಂದು ಪ್ರಶ್ನೆಗೆ ಉತ್ತರ ಬೇಕು: ತಿಂಗಳಿಗೆ ಎಷ್ಟು ರೋಲ್ ತೊಳೆಯುತ್ತೀರಿ? ಚಿತ್ರ ಮೂಡಿಸುವ ಮೊದಲ ದ್ರಾವಣ ಕಲರ್ ಡೆವಲಪರ್, ಒಮ್ಮೆ ನೀರಿಗೆ ಕಲಸಿದರೆ ಅಂದಿನಿಂದಲೇ ಗಾಳಿಯ ಆಮ್ಲಜನಕಕ್ಕೆ ಸೋಲುತ್ತಾ ಹೋಗುತ್ತದೆ. ಬಾಟಲಿಯನ್ನು ಕಂಠದವರೆಗೆ ತುಂಬಿಸಿ ಬಿಗಿಯಾಗಿ ಮುಚ್ಚಿಟ್ಟರೆ ಆರರಿಂದ ಎಂಟು ವಾರ ಬರುತ್ತದೆ, ಅರ್ಧ ಖಾಲಿ ಬಾಟಲಿಯಲ್ಲಿಟ್ಟರೆ ಅದಕ್ಕಿಂತ ಎಷ್ಟೋ ಬೇಗ ಕೆಡುತ್ತದೆ. ಹಾಗಾಗಿ ತಿಂಗಳಿಗೆ ಒಂದು ರೋಲ್ ಮುಗಿಸುವವರಿಗೂ ವಾರಕ್ಕೆ ಎರಡು ಮುಗಿಸುವವರಿಗೂ ಒಂದೇ ಸಲಹೆ ಹೊಂದುವುದಿಲ್ಲ.

ಒಂದು ಸಮಾಧಾನದ ಸಂಗತಿ ಇದೆ. ಕೊನೆಗೆ ಹೇಳುವ ಸಿನಿಮಾ ಫಿಲಂ ಬಿಟ್ಟರೆ, ಇವತ್ತು ಅಂಗಡಿಯಲ್ಲಿ ಸಿಗುವ ಕಲರ್ ನೆಗೆಟಿವ್‌ಗಳಿಗೆಲ್ಲ ವಿಧಾನ ಒಂದೇ, ಸಿ-41. ಕೊಡಾಕ್ ಇದನ್ನು 1972ರಲ್ಲಿ, ಹಳೆಯ ಸಿ-22 ವಿಧಾನದ ಜಾಗಕ್ಕೆ ತಂದಿತು. ಕೊಡಾಕ್‌ನ ಗೋಲ್ಡ್ 200 ಫಿಲಂ ಆಗಲಿ, ಪೋರ್ಟ್ರಾ 400 ಆಗಲಿ, ಡೆವಲಪರ್‌ನಲ್ಲಿ ಇರಬೇಕಾದ ಹೊತ್ತು 3 ನಿಮಿಷ 15 ಸೆಕೆಂಡ್, ಬಿಸಿ 37.8 ಡಿಗ್ರಿ ಸೆಲ್ಸಿಯಸ್. ಕಪ್ಪು-ಬಿಳುಪಿನಲ್ಲಿ ಪ್ರತಿ ಫಿಲಂಗೂ ಬೇರೆ ಬೇರೆ ಸಮಯ ಹುಡುಕಿ ನೋಡುವ ಕೆಲಸ ಇಲ್ಲಿಲ್ಲ. ಬೆಳಕಿನ ಸೂಕ್ಷ್ಮತೆ 100 ಇರುವ ರೋಲನ್ನೂ 400ರ ರೋಲನ್ನೂ ಒಂದೇ ಟ್ಯಾಂಕಿಗೆ, ಅಂದರೆ ಬೆಳಕು ನುಸುಳದ ಡಬ್ಬಕ್ಕೆ, ಹಾಕಬಹುದು. ಕಪ್ಪು-ಬಿಳುಪು ಫಿಲಂ ಆದ ಇಲ್ಫರ್ಡ್ ಎಕ್ಸ್‌ಪಿ2 ಸೂಪರ್ ಕೂಡ ಸಿ-41ರಲ್ಲೇ ತೊಳೆಯುವಂಥದ್ದು. ಬಣ್ಣ ಅತ್ತಿತ್ತ ಆದೀತೆಂಬ ಭಯ ಇಲ್ಲದ ಕಾರಣ ಮೊದಲ ಪ್ರಯತ್ನಕ್ಕೆ ಅದು ಒಳ್ಳೆಯ ಆಯ್ಕೆ.

ಬ್ಲಿಕ್ಸ್ ಇರುವ ಕಿಟ್, ಬ್ಲೀಚ್-ಫಿಕ್ಸರ್ ಬೇರೆಯಾಗಿರುವ ಕಿಟ್

ಕಂಪನಿಗಳ ಹೆಸರು ಬದಿಗಿಟ್ಟು ನೋಡಿದರೆ ಕಿಟ್‌ಗಳು ಎರಡೇ ಜಾತಿ. ನಿಜವಾದ ಆಯ್ಕೆ ಇರುವುದು ಇಲ್ಲಿ.

ಡೆವಲಪರ್‌ನಿಂದ ಹೊರಬಂದ ಫಿಲಂನಲ್ಲಿ ಬಣ್ಣದ ಜೊತೆಗೆ ಲೋಹದ ಬೆಳ್ಳಿಯೂ ಇರುತ್ತದೆ. ಬಣ್ಣ ಉಳಿಯಬೇಕು, ಬೆಳ್ಳಿ ಪೂರ್ತಿ ಹೋಗಬೇಕು. ಬ್ಲೀಚ್ ಆ ಬೆಳ್ಳಿಯನ್ನು ಮತ್ತೆ ಲವಣದ ರೂಪಕ್ಕೆ ತಿರುಗಿಸುತ್ತದೆ, ಫಿಕ್ಸರ್ ಆ ಲವಣವನ್ನು ಕರಗಿಸಿ ಹೊರಹಾಕುತ್ತದೆ. ಈ ಎರಡನ್ನೂ ಒಂದೇ ಬಾಟಲಿಗೆ ಸೇರಿಸಿದರೆ ಅದು ಬ್ಲಿಕ್ಸ್. ಸಿನೆಸ್ಟಿಲ್‌ನ ಸಿಎಸ್41 ಪುಡಿ ಮತ್ತು ದ್ರವ ಎರಡೂ, ಟೆಟೆನಾಲ್‌ನ ಕಲರ್‌ಟೆಕ್ ಈ ಬಗೆಯವು. ಬೆಲ್ಲಿನಿಯ ಕಿಟ್ ಮತ್ತು ಫ್ಯೂಜಿ ಹಂಟ್‌ನ 5 ಲೀಟರ್ ಎಕ್ಸ್‌ಪ್ರೆಸ್ ಕಿಟ್‌ನಲ್ಲಿ ಬ್ಲೀಚ್ ಬೇರೆ, ಫಿಕ್ಸರ್ ಬೇರೆ.

ಬ್ಲಿಕ್ಸ್‌ನಲ್ಲಿ ಕೆಲಸ ಬೇಗ. ಡೆವಲಪರ್, ಬ್ಲಿಕ್ಸ್, ನೀರು, ಕೊನೆಯ ಸ್ನಾನವಾದ ಸ್ಟೆಬಿಲೈಸರ್, ಅಷ್ಟೇ. ಮೂರು ಬಾಟಲಿ ಸಾಕು, ಅರ್ಧ ಗಂಟೆಯೊಳಗೆ ರೋಲ್ ಹಗ್ಗದ ಮೇಲೆ ನೇತಾಡುತ್ತಿರುತ್ತದೆ. ಆದರೆ ಅದರ ಒಳಗೇ ಒಂದು ಜಗಳವಿದೆ. ಬ್ಲೀಚ್ ಎಂಬುದು ಆಕ್ಸಿಡೈಸ್ ಮಾಡುವ ವಸ್ತು, ಫಿಕ್ಸರ್‌ನ ಥಯೋಸಲ್ಫೇಟ್ ಆಕ್ಸಿಡೈಸ್ ಆಗುವ ವಸ್ತು. ಒಂದೇ ಬಾಟಲಿಯಲ್ಲಿ ಅವು ಬಳಸದೆ ಇಟ್ಟರೂ ಒಂದನ್ನೊಂದು ತಿನ್ನುತ್ತಲೇ ಇರುತ್ತವೆ. ಅದಕ್ಕೇ ಬ್ಲಿಕ್ಸ್‌ನಲ್ಲಿ ಸೌಮ್ಯ ಬ್ಲೀಚ್ ಮಾತ್ರ ಹಾಕಲು ಸಾಧ್ಯ, ಅದಕ್ಕೇ ಹಳೆಯ ಬ್ಲಿಕ್ಸ್ ಬಾಟಲಿಯ ತಳದಲ್ಲಿ ಗಂಧಕದ ಗಸಿ ಕೂರುತ್ತದೆ. ಬ್ಲಿಕ್ಸ್ ಸೋತಾಗ ಬೆಳ್ಳಿ ಫಿಲಂನಲ್ಲೇ ಉಳಿಯುತ್ತದೆ. ಸ್ಕ್ಯಾನ್ ಮಾಡಿದರೆ ಚಿತ್ರ ಮಬ್ಬು, ಕಾಳು ಕಾಳು, ಬಣ್ಣಕ್ಕೆ ಜೀವವಿಲ್ಲ. ಎಷ್ಟೋ ಜನ ಇದನ್ನು ಫಿಲಂನ ಗುಣ ಎಂದುಕೊಂಡು ಸುಮ್ಮನಾಗುತ್ತಾರೆ.

ಬೇರೆ ಬೇರೆ ಬ್ಲೀಚ್-ಫಿಕ್ಸರ್‌ನ ದಾರಿ ಉದ್ದ. ಕೊಡಾಕ್‌ನ ಮೂಲ ಕ್ರಮದಲ್ಲಿ ಬ್ಲೀಚ್ 6 ನಿಮಿಷ 30 ಸೆಕೆಂಡ್, ನೀರು 3 ನಿಮಿಷ 15 ಸೆಕೆಂಡ್, ಫಿಕ್ಸರ್ 6 ನಿಮಿಷ 30 ಸೆಕೆಂಡ್, ಮತ್ತೆ ನೀರು 3 ನಿಮಿಷ 15 ಸೆಕೆಂಡ್, ಕೊನೆಯ ಸ್ನಾನ ಒಂದೂವರೆ ನಿಮಿಷ. ಬಾಟಲಿ ಒಂದು ಜಾಸ್ತಿ, ಹೊತ್ತು ಸುಮಾರು ಹತ್ತು ನಿಮಿಷ ಜಾಸ್ತಿ. ಆದರೆ ಬೆಳ್ಳಿ ಪೂರ್ತಿ ಹೋಗುತ್ತದೆ. ಇನ್ನೊಂದು ದೊಡ್ಡ ಲಾಭವೂ ಇದೆ: ಡೆವಲಪರ್‌ಗೆ ಶತ್ರುವಾದ ಗಾಳಿ ಬ್ಲೀಚ್‌ಗೆ ಮಿತ್ರ. ಬಳಸಿದ ಬ್ಲೀಚನ್ನು ಅರ್ಧ ತುಂಬಿದ ಬಾಟಲಿಯಲ್ಲಿ ಹಾಕಿ ಚೆನ್ನಾಗಿ ಕುಲುಕಿದರೆ ಗಾಳಿಯಿಂದ ಅದರ ಶಕ್ತಿ ಮರಳುತ್ತದೆ. ಹಾಗಾಗಿ ಬ್ಲೀಚ್ ಹಲವು ಡೆವಲಪರ್ ಬಾಟಲಿಗಳನ್ನು ಕಂಡು ಬಾಳುತ್ತದೆ.

ನಮ್ಮ ಅಭಿಪ್ರಾಯ ಸ್ಪಷ್ಟವಾಗಿಯೇ ಹೇಳುತ್ತೇವೆ. ಒಂದೆರಡು ವರ್ಷವಾದರೂ ಈ ಕೆಲಸ ಮಾಡುವ ಮನಸ್ಸಿದ್ದರೆ ಬ್ಲೀಚ್ ಬೇರೆ ಇರುವ ಕಿಟ್ಟನ್ನೇ ತೆಗೆದುಕೊಳ್ಳಿ. ಕೈ ಪಳಗುತ್ತದೋ ಇಲ್ಲವೋ ನೋಡೋಣ ಎನ್ನುವವರಿಗೆ, ಹತ್ತು ರೋಲ್ ಕೂಡಿಟ್ಟು ಎರಡು ಭಾನುವಾರಗಳಲ್ಲಿ ಮುಗಿಸುವವರಿಗೆ ಬ್ಲಿಕ್ಸ್ ಧಾರಾಳವಾಗಿ ಸಾಕು. ಬ್ಲಿಕ್ಸ್ ಬಳಸುವಾಗ ಕರಪತ್ರ ಹೇಳಿದ ಹೊತ್ತಿಗಿಂತ ಎರಡು ನಿಮಿಷ ಹೆಚ್ಚೇ ಬಿಡಿ. ಬ್ಲೀಚ್, ಫಿಕ್ಸ್ ಎರಡೂ ಪೂರ್ತಿಯಾದ ಮೇಲೆ ತಾವಾಗಿ ನಿಲ್ಲುವ ಕ್ರಿಯೆಗಳು, ಸ್ವಲ್ಪ ಹೆಚ್ಚಾದರೆ ನಷ್ಟವಿಲ್ಲ. ಸೆಕೆಂಡ್ ಲೆಕ್ಕ ಬೇಕಿರುವುದು ಡೆವಲಪರ್‌ಗೆ ಮಾತ್ರ.

ಪುಡಿಯೋ, ದ್ರವವೋ

ಪುಡಿಯ ಕಿಟ್ ಕೊರಿಯರ್‌ನಲ್ಲಿ ಸೋರುವುದಿಲ್ಲ, ಲಕೋಟೆ ಒಡೆಯುವ ತನಕ ತಿಂಗಳುಗಟ್ಟಲೆ ಇರುತ್ತದೆ. ಆದರೆ ಒಂದು ಲೀಟರ್‌ನ ಕಿಟ್ಟನ್ನು ಒಂದೇ ಸಲಕ್ಕೆ ಪೂರ್ತಿ ಕಲಸಲೇಬೇಕು. ಅರ್ಧ ಪುಡಿ ತೂಗಿ ಅರ್ಧ ಲೀಟರ್ ಮಾಡೋಣ ಎಂದು ಹೊರಟರೆ ಕೆಡುತ್ತದೆ, ಯಾಕೆಂದರೆ ಲಕೋಟೆಯೊಳಗೆ ಹಲವು ಪುಡಿಗಳು ಪದರ ಪದರವಾಗಿ ಕೂತಿರುತ್ತವೆ. ನೀವು ತೂಗಿದ ಅರ್ಧದಲ್ಲಿ ಯಾವುದು ಎಷ್ಟು ಬಂತೆಂದು ಹೇಳಲಾಗದು.

ದ್ರವದ ಕಿಟ್‌ನಲ್ಲಿ ಸೂಜಿಯಿಲ್ಲದ ಸಿರಿಂಜ್‌ನಿಂದ ಅಳೆದು 300 ಅಥವಾ 500 ಮಿಲಿ ಮಾತ್ರ ಮಾಡಿಕೊಳ್ಳಬಹುದು. ತಿಂಗಳಿಗೆ ಒಂದೆರಡು ರೋಲ್ ತೊಳೆಯುವವರಿಗೆ ಇದೇ ಸರಿ. ಎಚ್ಚರ ಒಂದೇ: ಡೆವಲಪರ್‌ನ ಭಾಗಗಳಲ್ಲಿ ಸಿಡಿ-4 ಎಂಬ ರಾಸಾಯನಿಕ ಇರುವ ಬಾಟಲಿ ಮುಚ್ಚಳ ತೆರೆದ ಮೇಲೆ ಬೇಗ ಬಣ್ಣ ತಿರುಗುತ್ತದೆ. ಉಳಿದದ್ದನ್ನು ಅದೇ ದಿನ ಸಣ್ಣ ಗಾಜಿನ ಬಾಟಲಿಗಳಿಗೆ ಕಂಠದವರೆಗೆ ತುಂಬಿಸಿಡಿ.

ಸಿಡಿ-4 ಎಂಬುದೇ ಬಣ್ಣ ಹುಟ್ಟಿಸುವ ವಸ್ತು. ಲೀಟರಿಗೆ ಐದು ಗ್ರಾಂಗೂ ಕಡಿಮೆ ಇರುತ್ತದೆ. ಆದರೆ ಚರ್ಮಕ್ಕೆ ಅಲರ್ಜಿ ತರುವ ಗುಣ ಅದಕ್ಕಿದೆ. ಮೊದಲ ಹತ್ತು ಸಲ ಏನೂ ಆಗದೆ ಹನ್ನೊಂದನೆಯ ಸಲ ಕೈಯೆಲ್ಲ ಕೆಂಪಗೆ ತುರಿಕೆ ಬರಬಹುದು, ಒಮ್ಮೆ ಬಂದರೆ ಆಮೇಲೆ ಸ್ವಲ್ಪ ತಾಗಿದರೂ ಮರುಕಳಿಸುತ್ತದೆ. ನೈಟ್ರೈಲ್ ಕೈಗವಸು ಹಾಕದೆ ಬಾಟಲಿ ಮುಟ್ಟಬೇಡಿ. ಅಡುಗೆಯ ಲೋಟ, ಸೌಟು, ಅಳತೆ ಪಾತ್ರೆ ಯಾವುದನ್ನೂ ಇದಕ್ಕೆ ಬಳಸಬೇಡಿ. ಕಲಸುವಾಗ ಪುಡಿ ಹಾರುತ್ತದೆ, ಬ್ಲಿಕ್ಸ್‌ನಿಂದ ಘಾಟು ಬರುತ್ತದೆ. ಕಿಟಕಿ ತೆರೆದಿರಲಿ, ಫ್ಯಾನ್ ಬೇಡ.

ಬಿಡಿ ರಾಸಾಯನಿಕ ತಂದು ಸ್ವಂತ ತಯಾರಿಸುವ ದಾರಿಯೂ ಇದೆ: ಪೊಟ್ಯಾಸಿಯಂ ಕಾರ್ಬೊನೇಟ್, ಸೋಡಿಯಂ ಸಲ್ಫೈಟ್, ಬ್ರೋಮೈಡ್, ಹೈಡ್ರಾಕ್ಸಿಲಮೈನ್ ಸಲ್ಫೇಟ್, ಸಿಡಿ-4. ದ್ರಾವಣದ ಪಿಎಚ್ 10ರ ಸುತ್ತ ಇರಬೇಕು. 0.01 ಗ್ರಾಂ ತೂಗುವ ತಕ್ಕಡಿ, ಸರಿಯಾಗಿ ಹೊಂದಿಸಿದ ಪಿಎಚ್ ಮೀಟರ್ ಎರಡೂ ಇಲ್ಲದವರಿಗೆ ಇದು ಬೇಡ.

ಒಂದು ಲೀಟರಿಗೆ ಎಷ್ಟು ರೋಲ್?

ಡಬ್ಬದ ಮೇಲೆ ದೊಡ್ಡ ಸಂಖ್ಯೆ ಇರಬಹುದು. ಎಚ್ಚರದ ಲೆಕ್ಕ 8, ಸ್ವಲ್ಪ ಧೈರ್ಯ ಮಾಡಿದರೆ 16. ಮರುಬಳಕೆಯಲ್ಲಿ ಪ್ರತಿ ರೋಲಿಗೆ ಡೆವಲಪರ್ ಹೊತ್ತನ್ನು ಶೇಕಡಾ 2ರಷ್ಟು ಹೆಚ್ಚಿಸುವುದು ರೂಢಿ. 3 ನಿಮಿಷ 15 ಸೆಕೆಂಡ್ ಅಂದರೆ 195 ಸೆಕೆಂಡ್, ರೋಲಿಗೆ ಸುಮಾರು 4 ಸೆಕೆಂಡ್. ಎಂಟು ರೋಲ್ ಆದ ಮೇಲೆ ಒಂಬತ್ತನೆಯದಕ್ಕೆ 3 ನಿಮಿಷ 46 ಸೆಕೆಂಡ್. ಬಾಟಲಿಯ ಮೇಲೆ ಪ್ಲಾಸ್ಟರ್ ಅಂಟಿಸಿ, ಕಲಸಿದ ದಿನಾಂಕ ಬರೆದು, ಪ್ರತಿ ರೋಲಿಗೂ ಒಂದು ಗೆರೆ ಎಳೆಯಿರಿ. ಮದುವೆ, ನಾಮಕರಣದಂಥ ಮತ್ತೆ ಸಿಗದ ರೋಲ್‌ಗಳನ್ನು ಮೊದಲ ನಾಲ್ಕು ಗೆರೆಗಳೊಳಗೇ ಮುಗಿಸಿ.

ಬಿಸಿ ಕಾಯ್ದುಕೊಳ್ಳುವುದು

37.8 ಡಿಗ್ರಿ ಸೆಲ್ಸಿಯಸ್ ಎಂದರೆ 100 ಡಿಗ್ರಿ ಫ್ಯಾರನ್‌ಹೀಟ್. ಹಣೆ ಮುಟ್ಟಿ "ಜ್ವರ ಬಂದಿದೆ" ಅನ್ನುವ ಬಿಸಿ. ಇದರಿಂದ ಒಂದು ಅನುಕೂಲವಿದೆ. ಮನೆಯಲ್ಲಿರುವ ಡಿಜಿಟಲ್ ಜ್ವರದ ಥರ್ಮಾಮೀಟರ್ ಇದೇ ವ್ಯಾಪ್ತಿಯಲ್ಲಿ 0.1 ಡಿಗ್ರಿಯವರೆಗೆ ನಂಬಿಕಸ್ಥ. ಅಡುಗೆಯ ಥರ್ಮಾಮೀಟರ್ ಒಂದೆರಡು ಡಿಗ್ರಿ ಸುಳ್ಳು ಹೇಳುವುದು ಮಾಮೂಲು. ಒಂದೇ ಲೋಟದ ಬಿಸಿನೀರಿಗೆ ಎರಡನ್ನೂ ಇಟ್ಟು ವ್ಯತ್ಯಾಸ ಬರೆದುಕೊಳ್ಳಿ. ಆಮೇಲೆ ಡೆವಲಪರ್‌ಗೆ ಅಡುಗೆಯದನ್ನೇ ಅದ್ದಿ, ವ್ಯತ್ಯಾಸ ಕಳೆದು ಓದಿ. ಜ್ವರದ್ದನ್ನು ರಾಸಾಯನಿಕಕ್ಕೆ ಮುಟ್ಟಿಸಬೇಡಿ.

ಬಿಸಿಗೆ ಮೂರು ದಾರಿ. ಮೊದಲನೆಯದು ಬರಿಯ ಬಕೆಟ್. ಗೀಸರ್ ನೀರಿಗೆ ತಣ್ಣೀರು ಬೆರೆಸಿ ಹತ್ತು ಲೀಟರ್ ಬಕೆಟ್ಟನ್ನು 40 ಡಿಗ್ರಿಗೆ ತಂದು ಬಾಟಲಿಗಳನ್ನು ಅದರಲ್ಲಿ ಮುಳುಗಿಸಿಡುವುದು. ಅಷ್ಟು ನೀರು ಮೂರೂಕಾಲು ನಿಮಿಷದಲ್ಲಿ ತಣಿಯುವುದು ಅತ್ಯಲ್ಪ. ಕಾಯಬೇಕಾದದ್ದು ಬಾಟಲಿಯ ಒಳಗಿನದು ಬಿಸಿಯಾಗಲಿ ಎಂದು, ಅದಕ್ಕೆ ಅರ್ಧ ಗಂಟೆ ಹಿಡಿಯಬಹುದು, ನಡುವೆ ಬಿಸಿನೀರು ಸೇರಿಸಬೇಕಾಗುತ್ತದೆ. ಎರಡನೆಯದು ಸೂ ವೀಡ್ ಕಡ್ಡಿ, ಅಂದರೆ ಪಾತ್ರೆಯ ನೀರನ್ನು ತಿರುಗಿಸುತ್ತಾ ಒಂದೇ ಬಿಸಿಯಲ್ಲಿಡುವ ಅಡುಗೆ ಉಪಕರಣ. 38.5ಕ್ಕೆ ಇಟ್ಟು ಬೇರೆ ಕೆಲಸ ನೋಡಬಹುದು. ಹಣ ಹಾಕುವುದಾದರೆ ಮೊದಲು ಇದಕ್ಕೇ ಹಾಕಿ, ದುಬಾರಿ ಟ್ಯಾಂಕಿಗಲ್ಲ. ನಡುವೆ ಕರೆಂಟ್ ಹೋದರೂ ನೀರು ತನ್ನ ಬಿಸಿ ಹಿಡಿದಿರುತ್ತದೆ, ಗಾಬರಿ ಬೇಡ. ಮೂರನೆಯದು ಜೋಬೋದಂಥ ತಿರುಗುವ ಯಂತ್ರ. 140 ಮಿಲಿಯಲ್ಲಿ ಒಂದು ರೋಲ್ ಮುಗಿಸುತ್ತದೆ, ಫಲಿತಾಂಶ ಪ್ರತಿ ಸಲವೂ ಒಂದೇ ತರ. ತಿಂಗಳಿಗೆ ಇಪ್ಪತ್ತು ರೋಲ್ ಮಾಡುವವರಿಗೆ ಹೊರತು ಬೇರೆಯವರಿಗೆ ಅದರ ಬೆಲೆ ಹೊಂದುವುದಿಲ್ಲ.

ನೀರು ಕಾಯಿಸುವ ಇಮ್ಮರ್ಶನ್ ರಾಡ್ ಇದಕ್ಕೆ ಬೇಡವೇ ಬೇಡ. ಅದಕ್ಕೆ ಬಿಸಿ ನಿಲ್ಲಿಸುವ ಬುದ್ಧಿಯಿಲ್ಲ, ತಾಗಿದ ಪ್ಲಾಸ್ಟಿಕ್ ಬಾಟಲಿ ಕರಗುತ್ತದೆ, ಸ್ವಿಚ್ ಹಾಕಿರುವಾಗ ಬಕೆಟ್ಟಿಗೆ ಕೈ ಹಾಕಿದರೆ ಪ್ರಾಣಕ್ಕೇ ಅಪಾಯ.

ಕೋಣೆಯ ಬಿಸಿಯಲ್ಲೇ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಕೆಲವು ಕಿಟ್‌ಗಳ ಕರಪತ್ರದಲ್ಲಿ 30 ಡಿಗ್ರಿಗೆ ಸುಮಾರು 8 ನಿಮಿಷ ಎಂದಿರುತ್ತದೆ. ಚಿತ್ರ ಖಂಡಿತ ಬರುತ್ತದೆ. ಆದರೆ ಫಿಲಂನಲ್ಲಿ ನೀಲಿ, ಹಸಿರು, ಕೆಂಪು ಬೆಳಕು ಹಿಡಿಯುವ ಪದರಗಳು ಒಂದರ ಕೆಳಗೊಂದು ಇವೆ. ಎಲ್ಲವೂ ಸಮನಾಗಿ ಬೆಳೆಯುವಂತೆ ಹೊಂದಿಸಿರುವುದು 37.8 ಡಿಗ್ರಿಗೆ. ಬಿಸಿ ಇಳಿದರೆ ಒಂದು ಪದರ ಮುಂದೆ ಹೋಗಿ ಇನ್ನೊಂದು ಹಿಂದೆ ಬೀಳುತ್ತದೆ. ಆಗ ಬೆಳಕಿನ ಭಾಗಕ್ಕೆ ಒಂದು ಬಣ್ಣದ ಛಾಯೆ, ನೆರಳಿಗೆ ಇನ್ನೊಂದು. ಸ್ಕ್ಯಾನರ್‌ನಲ್ಲಿ ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಬಿಸಿಯ ಏರ್ಪಾಡು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಈ ದಾರಿ.

ಟ್ಯಾಂಕ್

ಪ್ಯಾಟರ್ಸನ್ ಪ್ಲಾಸ್ಟಿಕ್ ಟ್ಯಾಂಕಿಗೆ 35 ಎಂಎಂನ ಒಂದು ರೋಲಿಗೆ 290 ಮಿಲಿ, ಅದಕ್ಕಿಂತ ಅಗಲವಾದ 120ರ ರೋಲಿಗೆ 500 ಮಿಲಿ ಬೇಕು. ಅದರ ಸ್ಪೈರಲ್‌ಗೆ, ಅಂದರೆ ಫಿಲಂ ಸುತ್ತಿಡುವ ಸುರುಳಿಗೆ, ಫಿಲಂ ಹತ್ತಿಸುವುದು ಸುಲಭ, ಒಣಗಿದ್ದರೆ. ಮಳೆಗಾಲದಲ್ಲಿ, ಚೇಂಜಿಂಗ್ ಬ್ಯಾಗ್ ಎಂಬ ಬೆಳಕು ನುಸುಳದ ಚೀಲದೊಳಗೆ ಕೈ ಬೆವರಿದರೆ ಫಿಲಂ ನಡುದಾರಿಯಲ್ಲಿ ಕಚ್ಚಿಕೊಳ್ಳುತ್ತದೆ. ಒತ್ತಿ ತಳ್ಳಿದರೆ ಮಡಿಕೆ ಬಿದ್ದು ಚಿತ್ರದ ಮೇಲೆ ಅರ್ಧಚಂದ್ರದ ಗುರುತು ಮೂಡುತ್ತದೆ. ಕಚ್ಚಿದಾಗ ಫಿಲಂ ಮತ್ತು ಸ್ಪೈರಲ್ಲನ್ನು ಟ್ಯಾಂಕಿನೊಳಗೆ ಹಾಕಿ ಮುಚ್ಚಳ ಬಿಗಿದು, ಕೈ ಹೊರತೆಗೆದು ಒರೆಸಿಕೊಂಡು ಮತ್ತೆ ಶುರುಮಾಡಿ. ಸ್ಟೀಲ್ ಟ್ಯಾಂಕ್ ಬಿಸಿಯನ್ನು ಬೇಗ ಹೀರುತ್ತದೆ, ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಬಿಸಿ ಸ್ಥಿರ. ಆದರೆ ಸ್ಟೀಲ್ ಸ್ಪೈರಲ್ ಕೈಗೆ ಹತ್ತಲು ಹಳೆಯ ಫಿಲಂ ಇಟ್ಟುಕೊಂಡು ವಾರಗಟ್ಟಲೆ ಅಭ್ಯಾಸ ಬೇಕು. ಹೊಸಬರಿಗೆ ಪ್ಲಾಸ್ಟಿಕ್.

ಆ ಮೂರೂಕಾಲು ನಿಮಿಷ

ಟ್ಯಾಂಕಿಗೆ ಮೊದಲು 39 ಡಿಗ್ರಿಯ ಬರೀ ನೀರು ತುಂಬಿ ಒಂದು ನಿಮಿಷ ಬಿಡಿ. ಟ್ಯಾಂಕ್, ಸ್ಪೈರಲ್, ಫಿಲಂ ಮೂರೂ ಬಿಸಿಯಾಗುತ್ತವೆ. ಈ ನೀರು ಹಸಿರೋ ನೀಲಿಯೋ ಆಗಿ ಹೊರಬಂದರೆ ಹೆದರಬೇಡಿ, ಅದು ಫಿಲಂನ ಬಣ್ಣ. ಡೆವಲಪರ್ ಸುರಿಯಲು ಶುರುಮಾಡಿದ ಕ್ಷಣದಿಂದ ಗಡಿಯಾರ. ಮೊದಲ 10 ಸೆಕೆಂಡ್ ಬಿಡದೆ ತಲೆಕೆಳಗು ಮಾಡಿ, ಟ್ಯಾಂಕಿನ ತಳವನ್ನು ಅಂಗೈಯಿಂದ ಎರಡು ಸಲ ತಟ್ಟಿ ಗುಳ್ಳೆ ಬಿಡಿಸಿ, ಮತ್ತೆ ಬಕೆಟ್ಟಿಗೆ. ಆಮೇಲೆ ಪ್ರತಿ 30 ಸೆಕೆಂಡಿಗೆ ನಾಲ್ಕು ಸಲ ತಲೆಕೆಳಗು. ಮೆಲ್ಲಗೆ, ಮಜ್ಜಿಗೆ ಕಡೆಯುವ ರಭಸ ಬೇಡ. ಜೋರು ಮಾಡಿದರೆ ಅಂಚಿನ ತೂತುಗಳಿಂದ ದ್ರವ ನುಗ್ಗಿ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ. 3 ನಿಮಿಷ 5 ಸೆಕೆಂಡಿಗೆ ಹೊರಸುರಿಯಲು ಆರಂಭಿಸಿದರೆ 3:15ಕ್ಕೆ ಖಾಲಿ.

ಬ್ಲಿಕ್ಸ್ ಹಾಕಿದ ಮೇಲೆ ಮೊದಲ ಕುಲುಕಿಗೆ ಟ್ಯಾಂಕಿನ ಮುಚ್ಚಳ ಉಬ್ಬುತ್ತದೆ. ಫಿಲಂಗೆ ಅಂಟಿದ ಡೆವಲಪರ್‌ನ ಕಾರ್ಬೊನೇಟ್ ಬ್ಲಿಕ್ಸ್‌ನ ಆಮ್ಲಕ್ಕೆ ಸಿಕ್ಕಿ ಗ್ಯಾಸ್ ಬಿಡುವುದರಿಂದ ಹೀಗೆ. ಮುಚ್ಚಳದ ಅಂಚು ಎತ್ತಿ ಗಾಳಿ ಬಿಡಿ, ಸಿಂಕ್ ಮೇಲೆಯೇ ಕೆಲಸ ಮಾಡಿ. ನಡುವೆ ಒಮ್ಮೆ ಬಿಸಿನೀರಲ್ಲಿ ಜಾಲಿಸಿದರೆ ಇದು ಕಡಿಮೆಯಾಗುತ್ತದೆ, ಬ್ಲಿಕ್ಸ್ ಹೆಚ್ಚು ಬಾಳುತ್ತದೆ. ಡೆವಲಪರ್ ಸ್ವಲ್ಪ ಬ್ಲಿಕ್ಸ್‌ಗೆ ಹೋದರೆ ಅನಾಹುತವಿಲ್ಲ. ಬ್ಲಿಕ್ಸ್‌ನ ಕೆಲವೇ ಹನಿ ಡೆವಲಪರ್‌ಗೆ ಬಿದ್ದರೂ ಆ ಲೀಟರ್ ಹಾಳು. ಎರಡಕ್ಕೂ ಬೇರೆ ಬೇರೆ ಫನಲ್ ಇಟ್ಟು, ಬೇರೆ ಬಣ್ಣದ ಟೇಪ್ ಸುತ್ತಿ.

ಕೊನೆಯ ಸ್ಟೆಬಿಲೈಸರನ್ನು ಬೋರ್‌ವೆಲ್ ನೀರಿನಲ್ಲಿ ಕಲಸಬೇಡಿ. ಗಡಸು ನೀರಿನ ಸುಣ್ಣದ ಕಲೆ ಒಣಗಿದ ನೆಗೆಟಿವ್ ಮೇಲೆ ಉಳಿಯುತ್ತದೆ. ಡಿಸ್ಟಿಲ್ಡ್ ನೀರು, ಇಲ್ಲದಿದ್ದರೆ ಆರ್‌ಒ ನೀರು. ಇದಕ್ಕೂ ಮುಂಚೆ ಫಿಲಂ ಸ್ಪೈರಲ್‌ನಿಂದ ಬಿಚ್ಚಿ, ಬೇರೆ ಡಬ್ಬದಲ್ಲಿ ಅದ್ದುವುದು ಒಳ್ಳೆಯದು. ಸ್ಟೆಬಿಲೈಸರ್ ಸ್ಪೈರಲ್‌ಗೆ ಅಂಟಿದರೆ ಮುಂದಿನ ಸಲ ಫಿಲಂ ಹತ್ತುವುದಿಲ್ಲ.

ನೆಗೆಟಿವ್ ನೋಡಿ ತಪ್ಪು ಹಿಡಿಯುವುದು

ರೋಲಿನ ತುದಿಯ ನಾಲಿಗೆ ಬೆಳಕು ಕಂಡದ್ದು, ಅದು ಗಾಢ ಕಪ್ಪಾಗಿರಬೇಕು. ಅಂಚಿನ ಅಂಕಿ-ಅಕ್ಷರಗಳು ಸ್ಪಷ್ಟವಾಗಿರಬೇಕು. ಅಂಚಿನ ಅಕ್ಷರ ಚೆನ್ನಾಗಿದ್ದು ಚಿತ್ರವೇ ಇಲ್ಲದಿದ್ದರೆ ತಪ್ಪು ಕ್ಯಾಮರಾದ್ದು, ಫಿಲಂ ಮುಂದೆ ಸರಿದಿಲ್ಲ. ಅಕ್ಷರವೂ ಇಲ್ಲದಿದ್ದರೆ ಡೆವಲಪರ್ ಸತ್ತಿದೆ, ಇಲ್ಲವೇ ಬ್ಲಿಕ್ಸ್ ಮೊದಲು ಹೋಗಿದೆ. ಅಕ್ಷರ, ಚಿತ್ರ ಎರಡೂ ತೆಳುವಾಗಿದ್ದರೆ ಡೆವಲಪರ್ ಸುಸ್ತಾಗಿದೆ ಅಥವಾ ಬಿಸಿ ಸಾಲದು. ಹಾಲಿನಂತೆ ಮಸುಕಾಗಿದ್ದರೆ ಫಿಕ್ಸ್ ಆಗಿಲ್ಲ. ಬಣ್ಣ ಸಪ್ಪೆ, ಕಾಳು ಜಾಸ್ತಿ ಎಂದಾದರೆ ಬ್ಲೀಚ್ ಆಗಿಲ್ಲ. ಈ ಕೊನೆಯ ಎರಡಕ್ಕೆ ಮದ್ದಿದೆ: ಹಗಲು ಬೆಳಕಿನಲ್ಲೇ ಹೊಸ ಬ್ಲಿಕ್ಸ್‌ಗೆ ಮತ್ತೆ ಹತ್ತು ನಿಮಿಷ ಹಾಕಿ, ತೊಳೆದು, ಸ್ಟೆಬಿಲೈಸರ್ ಕೊಡಿ. ತಿಂಗಳು ಕಳೆದ ನೆಗೆಟಿವ್‌ಗೂ ಇದು ನಡೆಯುತ್ತದೆ. ಅನುಮಾನವಿದ್ದರೆ ಒಂದು ಪಟ್ಟಿಯನ್ನು ಮಾತ್ರ ಹಾಕಿ, ಹಾಕದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ.

ಹಳೆಯ ಡೆವಲಪರ್ ಮೇಲೆ ನಂಬಿಕೆ ಇಲ್ಲದಾಗ ಫಿಲಂ ನಾಲಿಗೆಯ ತುಂಡೊಂದನ್ನು ಬೆಳಕಿನಲ್ಲೇ ಬಿಸಿ ಡೆವಲಪರ್‌ಗೆ ಅದ್ದಿ. ಮೂರು ನಿಮಿಷದಲ್ಲಿ ಕಪ್ಪಾಗದಿದ್ದರೆ ರೋಲ್ ಹಾಕಬೇಡಿ. ಇನ್ನೊಂದು ತುಂಡನ್ನು ನೇರವಾಗಿ ಬ್ಲಿಕ್ಸ್‌ಗೆ ಹಾಕಿದರೆ ಕಿತ್ತಳೆ ಬಣ್ಣಕ್ಕೆ ತಿಳಿಯಾಗಬೇಕು. ಇದು ಫಿಕ್ಸರ್ ಭಾಗ ಬದುಕಿದೆ ಎಂದಷ್ಟೇ ಹೇಳುತ್ತದೆ, ಬ್ಲೀಚ್ ಬಗ್ಗೆ ಏನೂ ಹೇಳುವುದಿಲ್ಲ.

ಸಿನಿಮಾ ಫಿಲಂ ಆದರೆ

ಕೊಡಾಕ್ ವಿಷನ್3ನಂಥ ಸಿನಿಮಾ ಫಿಲಂ ಕತ್ತರಿಸಿ ಸುತ್ತಿದ ರೋಲ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಬೆನ್ನಿಗೆ ರೆಮ್‌ಜೆಟ್ ಎಂಬ ಇಂಗಾಲದ ಕಪ್ಪು ಪದರವಿರುವ ರೋಲನ್ನು ಸಾಮಾನ್ಯ ಲ್ಯಾಬ್ ತೆಗೆದುಕೊಳ್ಳುವುದಿಲ್ಲ. ಆ ಮಸಿ ಯಂತ್ರದೊಳಗೆ ಬಿಟ್ಟು ಬೇರೆಯವರ ರೋಲ್‌ಗಳಿಗೂ ಅಂಟುತ್ತದೆ. ಮನೆಯಲ್ಲಿ ಮಾಡುವುದೇ ಇದಕ್ಕೆ ಸರಿ. ಡೆವಲಪರ್‌ಗೂ ಮುಂಚೆ ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಕರಗಿಸಿ ಟ್ಯಾಂಕಿಗೆ ತುಂಬಿ ಒಂದು ನಿಮಿಷ ಜೋರಾಗಿ ಕುಲುಕಿ, ಶಾಯಿಯಂಥ ನೀರು ತಿಳಿಯಾಗುವ ತನಕ ಬದಲಿಸಿ. ಕೊನೆಗೆ ಬೆನ್ನಿನ ಕಡೆ ಮಾತ್ರ ಒದ್ದೆ ಹತ್ತಿಯಿಂದ ಒರೆಸಿ. ಈ ಫಿಲಂನ ಸ್ವಂತ ವಿಧಾನ ಇಸಿಎನ್-2, ಅದರ ಡೆವಲಪರ್ ಸಿಡಿ-3, 41.1 ಡಿಗ್ರಿಗೆ 3 ನಿಮಿಷ. ಸಿ-41ರಲ್ಲಿ ತೊಳೆದರೂ ಚಿತ್ರ ಬರುತ್ತದೆ, ಕಾಂಟ್ರಾಸ್ಟ್ ಏರುತ್ತದೆ. ಇಂಥ ರೋಲ್‌ಗಳನ್ನು ಕಿಟ್‌ನ ಕೊನೆಯ ಸರದಿಗೆ ಇಡಿ, ತಪ್ಪಿಸಿಕೊಂಡ ಮಸಿ ಬಾಟಲಿ ಸೇರಿದರೂ ಬೇರೆ ರೋಲ್ ಕೆಡದು.

ಕಿಟ್ ಮುಗಿದ ಮೇಲೆ ಬ್ಲಿಕ್ಸ್ ಅಥವಾ ಫಿಕ್ಸರನ್ನು ಗಿಡದ ಬುಡಕ್ಕೋ ಚರಂಡಿಗೋ ಸುರಿಯಬೇಡಿ, ಅದರಲ್ಲಿ ನಿಮ್ಮ ಎಲ್ಲ ರೋಲ್‌ಗಳ ಬೆಳ್ಳಿ ಕರಗಿದೆ. ಮುಚ್ಚಳ ಸಡಿಲಬಿಟ್ಟ ಡಬ್ಬದಲ್ಲಿ ಸ್ಟೀಲ್ ವೂಲ್ ಹಾಕಿ ಒಂದು ವಾರ ಇಟ್ಟರೆ ಕಬ್ಬಿಣ ಕರಗಿ ಬೆಳ್ಳಿ ಕೆಸರಾಗಿ ತಳಕ್ಕೆ ಇಳಿಯುತ್ತದೆ. ಇದಕ್ಕೆ ಸಾದಾ ಕಬ್ಬಿಣದ ಉಣ್ಣೆಯೇ ಬೇಕು, ಪಾತ್ರೆ ಉಜ್ಜುವ ತುಕ್ಕು ಹಿಡಿಯದ ಸ್ಕ್ರಬ್ಬರ್ ಕೆಲಸ ಮಾಡುವುದಿಲ್ಲ.